ಟಾರ್ಟನ್ ಬಟ್ಟೆಯ ಎಳೆಲೆಕ್ಕ

ಸ್ಕಾಟ್ಲೆಂಡಿನ ಮಲೆನಾಡಿನಿಂದ ಹೆಸರುವಾಸಿಯಾದ ಚೌಕಳಿಯ ಉಣ್ಣೆಬಟ್ಟೆಗೆ ಟಾರ್ಟನ್ ಎಂದು ಹೆಸರು. ಅಲ್ಲಿನ ಅನೇಕ ಮನೆತನಗಳಿಗೆ ತಮ್ಮದೇ ಆದ ಟಾರ್ಟನ್ ಉಂಟು. ನೋಡುವವರಿಗೆ ಅದು ಬಣ್ಣದ ಬೆಡಗು. ನೇಯುವವರಿಗೋ ಅದು ಒಂದು ಲೆಕ್ಕ. ಆ ಲೆಕ್ಕವೇನೆಂಬದನ್ನು ಇಲ್ಲಿ ವಿಚಾರಿಸೋಣ.

ಮಾದರಿಯನ್ನು ಬರೆದಿಡುವ ಕ್ರಮ ಬಹು ಸುಲಭವಾದದ್ದು. ಬಣ್ಣದ ಹೆಸರನ್ನೂ ಎಳೆಗಳ ಸಂಖ್ಯೆಯನ್ನೂ ಕ್ರಮವಾಗಿ ಬರೆದರೆ ಸಾಕು. ಪಾಠಕ್ಕೋಸ್ಕರ ಹೀಗೆ ಭಾವಿಸಿರಿ: ಕಪ್ಪು 4, ಹಸಿರು 24, ನೀಲಿ 24, ಕೆಂಪು 4. ಕೆಂಪಿಗೆ ಬಂದೊಡನೆ ಮಾದರಿಯು ಹಿಂದಿರುಗುವದು; ಮತ್ತೆ ನೀಲಿ, ಹಸಿರು, ಅನಂತರ ಕಪ್ಪು. ತುದಿಯ ಎರಡು ಬಣ್ಣಗಳು ತಿರುವಿನ ಸ್ಥಾನಗಳಾದುದರಿಂದ ಅವು ಒಂದೊಂದೇ ಸಲ, ನಡುವಿನವು ಎರಡೆರಡು ಸಲ ಬರುವವು. ಹೀಗೆ ಒಂದು ಪೂರ್ಣ ಆವೃತ್ತಿಗೆ 104 ಎಳೆಗಳು. ಹಾಸಿನಲ್ಲಿರುವ ಕ್ರಮವೇ ಸಾಮಾನ್ಯವಾಗಿ ಹೊಕ್ಕಿನಲ್ಲಿಯೂ ಇರುವದು.

ಹೊಕ್ಕಿನ ಎಳೆಯು ಹಾಸಿನ ಎರಡು ಎಳೆಗಳ ಮೇಲೂ ಎರಡರ ಕೆಳಗೂ ಹಾದು, ಪ್ರತಿ ಸಾಲಿನಲ್ಲಿ ಒಂದೊಂದು ಎಳೆಯಷ್ಟು ಸರಿಯುವದು. ಆದಕಾರಣ ಬಟ್ಟೆಯ ಮೇಲೆ ಓರೆಗೆರೆಗಳು ಕಾಣುವವು. ಒಂದೇ ಬಣ್ಣವು ತನ್ನನ್ನೇ ಸಂಧಿಸಿದಲ್ಲಿ ಶುದ್ಧವರ್ಣ. ಬೇರೊಂದನ್ನು ಸಂಧಿಸಿದಲ್ಲಿ ದೂರದ ಕಣ್ಣಿಗೆ ಮಿಶ್ರವರ್ಣ. ನಮ್ಮ ನಾಲ್ಕು ಬಣ್ಣಗಳಿಂದ 4 ಶುದ್ಧವರ್ಣಗಳೂ 6 ಮಿಶ್ರವರ್ಣಗಳೂ, ಒಟ್ಟು 10 ಉಂಟಾಗುವವು. ಆರು ಬಣ್ಣಗಳಾದರೆ 21. ಬಣ್ಣಗಳು ಹೆಚ್ಚಿದಷ್ಟೂ ಮಿಶ್ರವರ್ಣಗಳೇ ಮೇಲಾಗಿ ಮಾದರಿಯು ಮಸುಕಾಗುವದರಿಂದ, ಜಾಣ ನೇಕಾರನು ಮಿತವನ್ನು ಪಾಲಿಸುವನು. ಮ್ಯಾಕ್‌ಗ್ರೆಗರ್ ಮನೆತನದ ರಾಬ್ ರಾಯ್ ಮಾದರಿಯಲ್ಲಿ ಕೆಂಪು, ಕಪ್ಪು ಎರಡೇ ಬಣ್ಣಗಳು.

ಈ ಮನೆತನದ ಗುರುತುಗಳು ಎಷ್ಟು ಪುರಾತನವಾದವು? ಚೌಕಳಿ ಬಟ್ಟೆಯಂತೂ ಹಳೆಯದೇ. ಗ್ಲೆನ್ ಆಫ್ರಿಕ್ ಎಂಬಲ್ಲಿ ಜೌಗುನೆಲದಲ್ಲಿ ದೊರೆತ ತುಂಡು ಸುಮಾರು 1500-1600ರ ಕಾಲದ್ದೆಂದು 2023ರಲ್ಲಿ ಪ್ರಕಟವಾಯಿತು. ಆದರೆ ಒಂದೊಂದು ಮನೆತನಕ್ಕೆ ಒಂದೊಂದು ಮಾದರಿಯೆಂಬ ಕಟ್ಟಳೆಯು ಬಹುಮಟ್ಟಿಗೆ ಹತ್ತೊಂಬತ್ತನೆಯ ಶತಮಾನದ್ದು. ದಂಗೆಯ ತರುವಾಯ 1746ರ ಕಾಯಿದೆಯು ಮಲೆನಾಡಿನ ಗಂಡಸರಿಗೂ ಹುಡುಗರಿಗೂ ಆ ಉಡುಪನ್ನು ನಿಷೇಧಿಸಿತು. 1782ರಲ್ಲಿ ಅದು ರದ್ದಾಯಿತು. 1815ರಲ್ಲಿ ಲಂಡನ್ನಿನ ಹೈಲೆಂಡ್ ಸೊಸೈಟಿಯು ಮುಖಂಡರಿಂದ ಮಾದರಿಗಳನ್ನು ಕೂಡಿಸತೊಡಗಿತು. 1822ರಲ್ಲಿ ನಾಲ್ಕನೆಯ ಜಾರ್ಜ್ ಅರಸನು ಎಡಿನ್‌ಬರೋಗೆ ಬಂದಾಗ ಟಾರ್ಟನ್ನಿಗೆ ಬೇಡಿಕೆ ಬಹಳವಾಯಿತು. 1842ರಲ್ಲಿ ಪ್ರಕಟವಾದ ‘ವೆಸ್ಟಿಯೇರಿಯಂ ಸ್ಕಾಟಿಕಂ’ ಎಂಬ ಗ್ರಂಥವು ಹಳೆಯ ಕೈಬರಹದಿಂದ ಬಂದದ್ದೆಂದು ಹೇಳಿಕೊಂಡಿತು. ಅದು ಕೃತ್ರಿಮವೆಂದು ತಿಳಿದುಬಂದರೂ ಅದರಲ್ಲಿನ ಅನೇಕ ಮಾದರಿಗಳನ್ನು ಮನೆತನಗಳು ಈಗಲೂ ಧರಿಸುತ್ತಿವೆ.

ಹಾಗಾದರೆ ಅವು ಸುಳ್ಳೋ? ಪುರಾತನವೆಂಬ ಮಾತು ಸುಳ್ಳು. ತಲೆಮಾರುಗಳು ಪ್ರೀತಿಯಿಂದ ಧರಿಸಿದ್ದು ನಿಜ. ಇವೆರಡನ್ನೂ ಬೇರೆಬೇರೆಯಾಗಿ ಅರಿಯುವದೇ ವಿವೇಕ. 2008ರ ಕಾಯಿದೆಯಂತೆ ಏರ್ಪಟ್ಟ ಸರಕಾರಿ ದಾಖಲೆಯಲ್ಲಿ ಹೊಸ ಮಾದರಿಗಳು ಎಳೆಲೆಕ್ಕದೊಡನೆ ನಮೂದಾಗುತ್ತವೆ. ಅಲ್ಲಿ ಹಳೆಯದೆಂದು ನಟಿಸಬೇಕಾದ ಅಗತ್ಯವಿಲ್ಲ.

ಮನೆಯಲ್ಲಿರುವ ಒಂದು ಚೌಕಳಿ ಬಟ್ಟೆಯನ್ನು ಬೆಳಕಿಗೆ ಹಿಡಿದು ಎಳೆಗಳನ್ನು ಎಣಿಸಿರಿ. ಅದರ ಮಾದರಿಯು ಹಿಂದಿರುಗುವದೋ, ಹಾಸು ಹೊಕ್ಕುಗಳ ಕ್ರಮ ಒಂದೆಯೋ ಎಂಬದನ್ನು ಮಕ್ಕಳಿಂದಲೇ ಹೇಳಿಸಿರಿ.