ಸಣ್ಣ ಕಚೇರಿಗಳ ಗಣಕಜಾಲ: ಸಂಚಾರದ ಸುವ್ಯವಸ್ಥೆ ಮತ್ತು ರೌಟರಿನ ಸಿದ್ಧತೆ

ಭಾರತದಲ್ಲಿ ಸಾರ್ವಜನಿಕರಿಗೆ ಅಂತರ್ಜಾಲ ಸೇವೆ ದೊರೆಯಲಾರಂಭಿಸಿದ್ದು 1995ರ ಆಗಸ್ಟ್ 15ರಂದು. ವಿದೇಶ ಸಂಚಾರ ನಿಗಮವು ಈ ಸೇವೆಯನ್ನು ಮೊದಲು ಒದಗಿಸಿದ ನಗರಗಳಲ್ಲಿ ಮುಂಬಯಿಯೂ ಒಂದು. ದೂರವಾಣಿ ತಂತಿಗೆ ಮೋಡೆಮ್ ಜೋಡಿಸಿ, ಒಂದು ತಂತಿಯಲ್ಲಿ ಒಂದು ಗಣಕವನ್ನು ಬಳಸುವುದು ಅಂದಿನ ವಾಡಿಕೆಯಾಗಿತ್ತು. ಇಂದು ಫೋರ್ಟ್ ಪ್ರದೇಶದ ಲೆಕ್ಕಪರಿಶೋಧಕರ ಕಚೇರಿಯಿರಲಿ, ಅಂಧೇರಿಯ ರಫ್ತುದಾರರ ಮಳಿಗೆಯಿರಲಿ, ಠಾಣೆಯ ಚಿಕಿತ್ಸಾಲಯವಿರಲಿ, ಒಂದೇ ಸಂಪರ್ಕವನ್ನು ಅನೇಕ ಗಣಕಗಳು, ದೂರವಾಣಿಗಳು, ಮುದ್ರಣ ಯಂತ್ರಗಳು ಹಾಗೂ ಕಾವಲು ಕ್ಯಾಮೆರಾಗಳು ಹಂಚಿಕೊಳ್ಳುತ್ತವೆ. ಈ ಹಂಚಿಕೆಯನ್ನು ನಡೆಸುವ ಉಪಕರಣವೇ ರೌಟರ್. ಅದು ಕಚೇರಿಯ ಜಾಲಕ್ಕೂ ಹೊರಗಿನ ಅಂತರ್ಜಾಲಕ್ಕೂ ನಡುವಿನ ಬಾಗಿಲು. ಯಾರು ಮೊದಲು ಹೋಗಬೇಕು, ಯಾರನ್ನು ಒಳಗೆ ಬಿಡಬೇಕು ಎಂಬ ಎರಡು ಪ್ರಶ್ನೆಗಳು ಈ ಬಾಗಿಲಿನಲ್ಲಿಯೇ ತೀರ್ಮಾನವಾಗುತ್ತವೆ.

ದಟ್ಟಣೆ ಉಂಟಾಗುವ ಬಗೆ

ದಾದರ್ ನಿಲ್ದಾಣದಲ್ಲಿ ಎರಡು ಲೋಕಲ್ ಗಾಡಿಗಳು ಏಕಕಾಲಕ್ಕೆ ಬಂದು ನಿಂತರೆ ಪ್ರಯಾಣಿಕರು ಸಿಲುಕುವುದು ವಿಶಾಲವಾದ ಪ್ಲಾಟ್‌ಫಾರ್ಮಿನಲ್ಲಲ್ಲ, ಮೇಲ್ಸೇತುವೆಯ ಕಿರಿದಾದ ಮೆಟ್ಟಿಲುಗಳಲ್ಲಿ. ಜಾಲದಲ್ಲಿಯೂ ಹೀಗೆಯೇ. ಕಚೇರಿಯೊಳಗಿನ ತಂತಿಗಳು ಸೆಕೆಂಡಿಗೆ 1000 ಮೆಗಾಬಿಟ್ ಸಾಗಿಸಬಲ್ಲವಾದರೂ ಹೊರಹೋಗುವ ದಾರಿಯು 20 ಮೆಗಾಬಿಟ್‌ನದಾಗಿದ್ದರೆ ಮಾಹಿತಿಯ ತುಣುಕುಗಳು ಅಲ್ಲಿ ಸಾಲುಗಟ್ಟಿ ನಿಲ್ಲುತ್ತವೆ. ಈ ತುಣುಕುಗಳಿಗೆ ಪ್ಯಾಕೆಟ್ ಎಂದು ಹೆಸರು.

ಒಂದು ಲೆಕ್ಕವನ್ನು ನೋಡಬಹುದು. ಗುಮಾಸ್ತರೊಬ್ಬರು 3 ಗಿಗಾಬೈಟ್ ಗಾತ್ರದ ಕಡತವನ್ನು ಹೊರಗೆ ಕಳುಹಿಸುತ್ತಾರೆ ಎಂದಿಟ್ಟುಕೊಳ್ಳೋಣ. ಒಂದು ಬೈಟಿಗೆ 8 ಬಿಟ್‌ಗಳಂತೆ ಅದು ಸುಮಾರು 24,000 ಮೆಗಾಬಿಟ್ ಆಗುತ್ತದೆ. ಮೇಲಿನ ದಾರಿಯಲ್ಲಿ ಅದು ಸಾಗಲು 1200 ಸೆಕೆಂಡು, ಅಂದರೆ 20 ನಿಮಿಷ ಬೇಕು. ಆ ವೇಳೆಯಲ್ಲಿ ಪಕ್ಕದ ಮೇಜಿನವರು ಅಂತರ್ಜಾಲದ ಮೂಲಕ ದೂರವಾಣಿಯಲ್ಲಿ ಮಾತನಾಡುತ್ತಿದ್ದರೆ ಅವರ ಧ್ವನಿ ತುಂಡುತುಂಡಾಗುತ್ತದೆ. ಒಂದು ಕರೆಗೆ ಬೇಕಾದದ್ದು ಸಾಮಾನ್ಯವಾಗಿ 0.1 ಮೆಗಾಬಿಟ್‌ಗಿಂತಲೂ ಕಡಿಮೆ. ಆದುದರಿಂದ ಇಲ್ಲಿನ ಕೊರತೆ ವೇಗದ್ದಲ್ಲ, ಕ್ರಮದ್ದು. ಕಡತವು ಒಂದು ನಿಮಿಷ ತಡವಾಗಿ ತಲುಪಿದರೆ ನಷ್ಟವಿಲ್ಲ. ಧ್ವನಿಯು ಅರೆ ಸೆಕೆಂಡು ತಡವಾದರೆ ಸಂಭಾಷಣೆ ಕೆಡುತ್ತದೆ. ಧ್ವನಿಯು ಒಂದು ಕಡೆಯಿಂದ ಇನ್ನೊಂದು ಕಡೆಗೆ ತಲುಪುವ ವಿಳಂಬವು 150 ಮಿಲಿಸೆಕೆಂಡನ್ನು ಮೀರದಿರುವುದು ಲೇಸೆಂದು ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟವು ಸೂಚಿಸಿದೆ.

ಆದ್ಯತೆಯ ಕ್ರಮ

ಈ ಕ್ರಮವನ್ನು ವಿಧಿಸುವ ಸೌಲಭ್ಯವು ಅನೇಕ ರೌಟರುಗಳಲ್ಲಿ ‘ಕ್ಯೂಓಎಸ್’ ಎಂಬ ಹೆಸರಿನಲ್ಲಿರುತ್ತದೆ. ಎಲ್ಲ ಉಪಕರಣಗಳಲ್ಲಿಯೂ ಇದು ಇರುವುದಿಲ್ಲವಾದ ಕಾರಣ ಕೊಳ್ಳುವ ಮುನ್ನವೇ ವಿಚಾರಿಸುವುದು ಒಳ್ಳೆಯದು. ಮೊದಲನೆಯ ಸ್ಥಾನವನ್ನು ಧ್ವನಿ ಮತ್ತು ದೃಶ್ಯ ಕರೆಗಳಿಗೂ, ಎರಡನೆಯದನ್ನು ಬ್ಯಾಂಕು, ತೆರಿಗೆ ಮೊದಲಾದ ದಿನನಿತ್ಯದ ವ್ಯವಹಾರಗಳಿಗೂ, ಕೊನೆಯದನ್ನು ದೊಡ್ಡ ಕಡತಗಳು ಹಾಗೂ ಕಾವಲು ಕ್ಯಾಮೆರಾಗಳ ದಾಖಲೆಗಳ ರವಾನೆಗೂ ಕೊಡುವುದು ಯುಕ್ತ. ಎಲ್ಲಕ್ಕೂ ಮೊದಲ ಸ್ಥಾನ ಕೊಟ್ಟರೆ ಆದ್ಯತೆಗೆ ಅರ್ಥವೇ ಉಳಿಯುವುದಿಲ್ಲ.

ಇದರೊಡನೆ ಗರಿಷ್ಠ ವೇಗದ ಮಿತಿಯನ್ನು ನಿಜವಾಗಿ ದೊರೆಯುವ ವೇಗಕ್ಕಿಂತ ಸ್ವಲ್ಪ ಕೆಳಗೆ, ಶೇಕಡಾ 85ರಿಂದ 90ರಷ್ಟಕ್ಕೆ ನಿಗದಿಪಡಿಸಬೇಕು. 20 ಮೆಗಾಬಿಟ್ ಇದ್ದಲ್ಲಿ 18 ಎಂದು ನಮೂದಿಸಬಹುದು. ಹೀಗೆ ಮಾಡಿದಾಗ ಸಾಲು ಸೇವಾದಾರರ ಉಪಕರಣದಲ್ಲಿ ಬೆಳೆಯದೆ ಕಚೇರಿಯ ರೌಟರಿನಲ್ಲಿಯೇ ನಿಲ್ಲುತ್ತದೆ. ಅಲ್ಲಿ ಅದನ್ನು ಕ್ರಮಪಡಿಸಲು ಸಾಧ್ಯ. ಅಲ್ಪ ವೇಗವನ್ನು ಬಿಟ್ಟುಕೊಟ್ಟು ಸ್ಥಿರತೆಯನ್ನು ಪಡೆಯುವ ಉಪಾಯವಿದು.

ಬಾಗಿಲಿನ ಭದ್ರತೆ

2008ರಲ್ಲಿ ಮುಂಬಯಿ ಪ್ರದೇಶವು ಈ ವಿಷಯದಲ್ಲಿ ಕಠಿಣ ಪಾಠವನ್ನು ಕಲಿಯಿತು. ಆ ವರ್ಷದ ಜುಲೈ 26ರಂದು ಅಹಮದಾಬಾದಿನಲ್ಲಿ ಬಾಂಬ್ ಸ್ಫೋಟಗಳು ಸಂಭವಿಸುವ ತುಸು ಮುನ್ನ ಉಗ್ರಗಾಮಿಗಳು ಕಳುಹಿಸಿದ ವಿದ್ಯುನ್ಮಾನ ಪತ್ರವು ನವಿ ಮುಂಬಯಿಯ ಒಂದು ಮನೆಯ ವೈಫೈ ಸಂಪರ್ಕದಿಂದ ಹೊರಟಿತ್ತು. ಸೆಪ್ಟೆಂಬರ್ 13ರ ದೆಹಲಿ ಸ್ಫೋಟಗಳ ಸಂದರ್ಭದ ಪತ್ರವು ಚೆಂಬೂರಿನ ಒಂದು ಖಾಸಗಿ ಕಚೇರಿಯ ಸಂಪರ್ಕದಿಂದ ಹೋಗಿತ್ತು. ಸಂಪರ್ಕದ ಒಡೆಯರು ಕೃತ್ಯದಲ್ಲಿ ಭಾಗಿಗಳಾಗಿರದಿದ್ದರೂ ತನಿಖೆಯು ಮೊದಲು ಬಂದು ನಿಂತದ್ದು ಅವರ ಬಾಗಿಲಿಗೆ. ಭದ್ರಪಡಿಸದ ವೈಫೈ ಇದಕ್ಕೆ ಎಡೆಮಾಡಿಕೊಟ್ಟಿತ್ತು.

ಆದುದರಿಂದ ರೌಟರನ್ನು ಅಳವಡಿಸಿದ ದಿನವೇ ಕೆಳಗಿನ ಕ್ರಮಗಳನ್ನು ಕೈಗೊಳ್ಳುವುದು ಅಗತ್ಯ:

1. ತಯಾರಕರು ಕೊಟ್ಟಿರುವ ಆಡಳಿತ ಗುಪ್ತಪದವನ್ನು ತಕ್ಷಣ ಬದಲಾಯಿಸಬೇಕು. ಅನೇಕ ಮಾದರಿಗಳ ಮೂಲ ಗುಪ್ತಪದಗಳು ಎಲ್ಲರಿಗೂ ತಿಳಿದಿರುತ್ತವೆ.

2. ವೈಫೈಗೆ ಡಬ್ಲ್ಯೂಪಿಎ-2 ಅಥವಾ ಡಬ್ಲ್ಯೂಪಿಎ-3 ರಕ್ಷಣೆಯನ್ನು ಆರಿಸಿ, ಉದ್ದವಾದ ಪ್ರತ್ಯೇಕ ಗುಪ್ತಪದವನ್ನು ಇಡಬೇಕು. ಹಳೆಯ ‘ವೆಪ್’ ಪದ್ಧತಿಯನ್ನು ಸುಲಭವಾಗಿ ಭೇದಿಸಬಹುದಾದ್ದರಿಂದ ಅದನ್ನು ಬಳಸಬಾರದು.

3. ಸಂದರ್ಶಕರಿಗೆ ಬೇರೆಯೇ ಅತಿಥಿ ಜಾಲವನ್ನು ಏರ್ಪಡಿಸಬೇಕು. ಅದಕ್ಕೂ ಗುಪ್ತಪದವಿರಬೇಕು.

4. ಹೊರಗಿನಿಂದ ರೌಟರನ್ನು ನಿರ್ವಹಿಸುವ ಸೌಲಭ್ಯವು ಅನಗತ್ಯವಾಗಿದ್ದಲ್ಲಿ ಅದನ್ನು ಮುಚ್ಚಬೇಕು. ತಯಾರಕರು ಕೊಡುವ ತಂತ್ರಾಂಶ ಪರಿಷ್ಕರಣೆಗಳನ್ನು ತಪ್ಪದೆ ಅಳವಡಿಸಬೇಕು.

5. ಸ್ಥಿರವಾಗಿರುವ ಗಣಕ ಮತ್ತು ದೂರವಾಣಿಗಳನ್ನು ತಂತಿಯ ಮೂಲಕ ಜೋಡಿಸಬೇಕು. ಒತ್ತೊತ್ತಾದ ಕಟ್ಟಡಗಳಲ್ಲಿ ನೆರೆಹೊರೆಯ ವೈಫೈ ಅಲೆಗಳು ಒಂದಕ್ಕೊಂದು ಅಡ್ಡಬರುತ್ತವೆ. 2.4 ಗಿಗಾಹರ್ಟ್ಸ್ ಪಟ್ಟಿಯಲ್ಲಿ 1, 6 ಮತ್ತು 11ನೆಯ ಚಾನೆಲುಗಳು ಪರಸ್ಪರ ಬೆರೆಯವು. ಅವುಗಳಲ್ಲಿ ಕಡಿಮೆ ದಟ್ಟಣೆಯುಳ್ಳದ್ದನ್ನು ಆರಿಸಿಕೊಳ್ಳಬಹುದು.

6. ನೌಕರರು ಕೆಲಸ ಬಿಟ್ಟುಹೋದಾಗ ಗುಪ್ತಪದಗಳನ್ನು ಬದಲಾಯಿಸಬೇಕು.

ಇವುಗಳಲ್ಲಿ ಬಹುಪಾಲು ಕ್ರಮಗಳಿಗೆ ಹಣ ಬೇಕಿಲ್ಲ, ಒಂದು ಮಧ್ಯಾಹ್ನದ ಬಿಡುವು ಸಾಕು. ಸಂಪರ್ಕ ನಿಧಾನವಾದೊಡನೆ ಹೆಚ್ಚಿನ ಶುಲ್ಕ ತೆತ್ತು ಹೆಚ್ಚು ವೇಗವನ್ನು ಕೊಳ್ಳುವ ಮೊದಲು ಕಚೇರಿಗಳು ತಮ್ಮ ರೌಟರನ್ನು ಒಮ್ಮೆ ಪರಿಶೀಲಿಸುವುದು ಮೇಲು. ಸಾಲು ಕ್ರಮವಾಗಿದ್ದರೆ ಇರುವ ದಾರಿಯೇ ಅನೇಕ ಸಲ ಸಾಕಾಗುತ್ತದೆ. ಬಾಗಿಲು ಭದ್ರವಾಗಿದ್ದರೆ ಅನ್ಯರ ಅಪರಾಧಕ್ಕೆ ಕಚೇರಿಯ ದಾರಿ ಬಳಕೆಯಾಗುವ ಅಪಾಯ ಬಹಳಮಟ್ಟಿಗೆ ತಪ್ಪುತ್ತದೆ.