ರಿಪೋರ್ಟಿನಲ್ಲಿ ನೀರು, ಕಾಲಿನಲ್ಲಿ ಗಡ್ಡೆ

ಲೂಪಸ್ ಇರುವವರ ರಿಪೋರ್ಟಿನಲ್ಲಿ ‘ಲೂಪಸ್ ಆಂಟಿಕೋಆಗ್ಯುಲಂಟ್’ ಎಂದಿದ್ದರೆ ಆ ಹೆಸರನ್ನು ನಂಬಬೇಡಿ. ರಕ್ತ ಹೆಪ್ಪುಗಟ್ಟದಂತೆ ತಡೆಯುವಂಥದ್ದು ಎಂದು ಅದರ ಅರ್ಥ. ನನ್ನ ಎಡಗಾಲಲ್ಲಿ ಅದು ಮಾಡಿದ್ದು ತದ್ವಿರುದ್ಧ.

ಪಿತ್ತಕೋಶದ ಕಲ್ಲಿನ ಆಪರೇಷನ್ನಿಗೆ ಮುಂಚೆ, ರಕ್ತ ಹೆಪ್ಪುಗಟ್ಟಲು ಎಷ್ಟು ಹೊತ್ತು ಬೇಕೆಂದು ನೋಡುವ ಎಪಿಟಿಟಿ ಪರೀಕ್ಷೆ ಮಾಡಿಸಿದೆ, 61 ಸೆಕೆಂಡ್ ಬಂತು; ಲ್ಯಾಬಿನ ಕಂಟ್ರೋಲ್ 30. ರುಮಟಾಲಜಿಸ್ಟರನ್ನು ಕೇಳಿ ಬನ್ನಿ ಎಂದರು ಸರ್ಜನ್. ನಾನು ಕೇಳಿದ್ದು ಮೆಡಿಕಲ್ ಶಾಪ್ ಇಟ್ಟಿರುವ ಭಾವನನ್ನು. “ನಿನ್ನ ರಕ್ತ ನೀರಾಗಿದೆ ಕಣಮ್ಮ, ಮೊದಲು ಆ ಆಸ್ಪಿರಿನ್ ಬಿಡು” ಅಂದರು. ಬಿಟ್ಟೆ.

ಮೂರನೇ ವಾರ ಮೀನಖಂಡ ಹಿಡಿದುಕೊಂಡಿತು. ಪರೀಕ್ಷೆ ಪೇಪರುಗಳ ರಾಶಿ ಮುಂದಿತ್ತು, ಕೂತು ಕೂತು ಹೀಗಾಗಿದೆ ಎಂದುಕೊಂಡೆ. ಅತ್ತೆ ಬಿಸಿ ಎಣ್ಣೆ ಹಚ್ಚಿ ನೀವಿದರು. ರಕ್ತದ ಗಡ್ಡೆ ಇರುವ ಕಾಲನ್ನು ನೀವಬಾರದು, ಕಿತ್ತು ಶ್ವಾಸಕೋಶಕ್ಕೆ ಹೋದೀತು ಎಂದು ಯಾರಿಗೆ ಗೊತ್ತಿತ್ತು? ನಾಲ್ಕನೇ ರಾತ್ರಿ ಕಾಲು ತೊಡೆಯವರೆಗೂ ಕುಂಬಳಕಾಯಿಯಾಯಿತು. ಕಾಲುಂಗುರ ಬೆರಳಿನೊಳಗೆ ಹೂತುಹೋಗಿತ್ತು. ಸೋಪು ಹಾಕಿದರೂ ಬರಲಿಲ್ಲ, ದಾರ ಸುತ್ತಿದರೂ ಬರಲಿಲ್ಲ. ಆಸ್ಪತ್ರೆಯಲ್ಲಿ ಕತ್ತರಿಸಿದರು. ಡಾಪ್ಲರ್ ಸ್ಕ್ಯಾನ್ ಮಾಡುವಾಕೆ ತೊಡೆಸಂದಿಗೆ ತಣ್ಣನೆಯ ಜೆಲ್ ಬಳಿದು ಒತ್ತಿದರು, ಬಿಟ್ಟರು, ಮತ್ತೆ ಒತ್ತಿದರು. “ಒತ್ತಿದರೆ ರಕ್ತನಾಳ ಚಪ್ಪಟೆಯಾಗಬೇಕು, ಆಗ್ತಿಲ್ಲ” ಎಂದು ಪಕ್ಕದವರಿಗೆ ಹೇಳಿದ್ದು ನನಗೂ ಕೇಳಿಸಿತು.

ಆಮೇಲೆ ತಿಳಿದದ್ದು: ಲೂಪಸ್ ಆಂಟಿಕೋಆಗ್ಯುಲಂಟ್ ಎಂಬ ಈ ಪ್ರತಿಕಾಯಗಳು ಲ್ಯಾಬಿನ ಟ್ಯೂಬಿಗೆ ಹಾಕುವ ಫಾಸ್ಫೋಲಿಪಿಡನ್ನು ಹಿಡಿದುಕೊಳ್ಳುತ್ತವೆ, ಅದಕ್ಕೇ ಅಲ್ಲಿ ಹೆಪ್ಪುಗಟ್ಟುವುದು ತಡ. ಮೈಯೊಳಗೆ ಅವೇ ರಕ್ತನಾಳದ ಒಳಪದರವನ್ನೂ ಪ್ಲೇಟ್‌ಲೆಟ್‌ಗಳನ್ನೂ ಕೆರಳಿಸುತ್ತವೆ. ಕಾರ್ಡಿಯೋಲಿಪಿನ್, ಬೀಟಾ-2 ಗ್ಲೈಕೋಪ್ರೋಟೀನ್ ಪರೀಕ್ಷೆಗಳೂ ಪಾಸಿಟಿವ್ ಬಂದವು. ಒಂದು ಸಲ ಬಂದರೆ ಸಾಲದು, 12 ವಾರ ಬಿಟ್ಟು ಮತ್ತೆ ನೋಡಬೇಕು. ನನ್ನದು ಎರಡನೇ ಸಲವೂ ಮೂರಕ್ಕೆ ಮೂರು. ಪಾಸಾಗಬಾರದ ಪರೀಕ್ಷೆಯಲ್ಲೇ ನಾನು ಪಾಸು!

ಈಗ ರಕ್ತ ಹೆಪ್ಪುಗಟ್ಟದಂತೆ ವಾರ್ಫರಿನ್ ಮಾತ್ರೆ. ಹೆಪ್ಪುಗಟ್ಟುವುದು ಎಷ್ಟು ತಡವಾಗುತ್ತಿದೆ ಎಂದು ತೋರಿಸುವ ಐಎನ್ಆರ್ 2ರಿಂದ 3ರೊಳಗೆ ಇರಬೇಕು. ಸೊಪ್ಪು ಬಿಡಬೇಕಾಗಿಲ್ಲ, ಒಂದು ವಾರ ದಂಟು, ಬಸಳೆ ಅಂತ ಬಟ್ಟಲುಗಟ್ಟಲೆ ತಿಂದು ಮರುವಾರ ಪೂರ್ತಿ ನಿಲ್ಲಿಸಬಾರದು ಅಷ್ಟೆ. ನೋವಿನ ಮಾತ್ರೆ ಕೇಳದೆ ನುಂಗಬಾರದು. ಬಸುರಿಯಾಗುವ ಯೋಚನೆ ಇರುವವರು ಮೊದಲೇ ಡಾಕ್ಟರಿಗೆ ಹೇಳಿ, ಆಗ ವಾರ್ಫರಿನ್ ಬದಲು ಹೆಪಾರಿನ್ ಇಂಜೆಕ್ಷನ್ ಕೊಡುತ್ತಾರೆ.

ಮೊನ್ನೆ ಭಾವ ನನ್ನ ರಿಪೋರ್ಟ್ ಕೈಗೆತ್ತಿಕೊಂಡು ಕನ್ನಡಕ ಏರಿಸಿದರು. “ಐಎನ್ಆರ್ 2.6! ಎಲ್ಲರಿಗೂ 1 ಇರುತ್ತಮ್ಮ. ಮಾತ್ರೆ ಸ್ವಲ್ಪ ಕಮ್ಮಿ ಮಾಡಬಾರದಾ?”

ರಿಪೋರ್ಟ್ ಕಿತ್ತುಕೊಂಡೆ.