ಅಂತರ್ಜಾಲದ ವಿಡಿಯೊ ಜಾಹೀರಾತು: ಸಣ್ಣ ವರ್ತಕರ ಜಮಾ-ಖರ್ಚಿನ ದೃಷ್ಟಿಯಲ್ಲಿ

ಕಲಬುರಗಿ ಜಿಲ್ಲೆಗೂ ಪರದೆಯ ಮೇಲಿನ ಚಲಿಸುವ ಚಿತ್ರಕ್ಕೂ ಇರುವ ನಂಟು ಹಳೆಯದು. 1975ರ ಆಗಸ್ಟ್ 1ರಿಂದ ಒಂದು ವರ್ಷ ಕಾಲ ನಡೆದ ಉಪಗ್ರಹ ಬೋಧನಾ ದೂರದರ್ಶನ ಪ್ರಯೋಗಕ್ಕೆ ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳನ್ನು ಆರಿಸಲಾಗಿತ್ತು. ಕರ್ನಾಟಕದ ಪಾಲಿಗೆ ಬಂದವು ಅಂದಿನ ಗುಲಬರ್ಗಾ, ರಾಯಚೂರು ಮತ್ತು ಬಿಜಾಪುರ ಜಿಲ್ಲೆಗಳು. 1977ರಲ್ಲಿ ಗುಲಬರ್ಗಾದಲ್ಲಿ ದೂರದರ್ಶನ ಕೇಂದ್ರ ಆರಂಭವಾಯಿತು. ರಾಜಧಾನಿ ಬೆಂಗಳೂರಿಗೆ ಆ ಭಾಗ್ಯ ಲಭಿಸಿದ್ದು 1981ರಲ್ಲಿ. ಹಿಂದುಳಿದ ಪ್ರದೇಶವೆಂದು ಸದಾ ಕರೆಸಿಕೊಳ್ಳುವ ಈ ಭಾಗವು ಒಂದು ವಿಷಯದಲ್ಲಾದರೂ ಮುಂದಿತ್ತೆಂಬುದನ್ನು ನೆನೆಯುವವರು ಕಡಿಮೆ.

ಆ ಪ್ರಯೋಗದ ಪರದೆಯ ಮೇಲೆ ಬೇಸಾಯ, ಆರೋಗ್ಯ, ಶಿಕ್ಷಣಗಳಿದ್ದವು, ವ್ಯಾಪಾರಿಗೆ ಸ್ಥಳವಿರಲಿಲ್ಲ. ಮುಂದೆ ದೂರದರ್ಶನದಲ್ಲಿ ಜಾಹೀರಾತು ಬಂದಾಗಲೂ ಅದು ದೊಡ್ಡ ಕಂಪನಿಗಳ ಸೊತ್ತಾಗಿಯೇ ಉಳಿಯಿತು. ಆಳಂದದ ಬೇಳೆ ಗಿರಣಿ, ಅಫಜಲಪುರದ ಬಟ್ಟೆ ಅಂಗಡಿ, ಜೇವರ್ಗಿಯ ಕೃಷಿ ಉಪಕರಣದ ಮಳಿಗೆ ಇವುಗಳ ಪಾಲಿಗೆ ಇದ್ದದ್ದು ಗೋಡೆ ಬರಹ, ಕರಪತ್ರ, ಚಿತ್ರಮಂದಿರದ ಸ್ಲೈಡು, ಜಾತ್ರೆಯಲ್ಲಿ ಧ್ವನಿವರ್ಧಕ ಕಟ್ಟಿಕೊಂಡು ಸುತ್ತುವ ಆಟೊ ಹಾಗೂ ಹಬ್ಬಕ್ಕೊಮ್ಮೆ ಪತ್ರಿಕೆಯ ಜಿಲ್ಲಾ ಪುಟದಲ್ಲಿ ಶುಭಾಶಯದ ಚೌಕಟ್ಟು.

ಈ ಚಿತ್ರ ಬದಲಾದದ್ದು ಹಂತ ಹಂತವಾಗಿ. ಯೂಟ್ಯೂಬ್ 2005ರಲ್ಲಿ ಆರಂಭವಾಗಿ ಮರುವರ್ಷವೇ ಗೂಗಲ್ ಸಂಸ್ಥೆಯ ವಶವಾಯಿತು. 2016ರ ಸೆಪ್ಟೆಂಬರಿನಲ್ಲಿ ಜಿಯೊ ಸೇವೆ ಬಂದ ಮೇಲೆ ಡೇಟಾ ದರ ಕುಸಿದು, ಹೊಲದ ಬದುವಿನ ಮೇಲೆ ಕುಳಿತವರ ಕೈಗೂ ವಿಡಿಯೊ ಬಂತು. ಫಿಕ್ಕಿ ಮತ್ತು ಇವೈ ಸಂಸ್ಥೆಗಳ ಜಂಟಿ ವರದಿಯ ಪ್ರಕಾರ, 2024ರಲ್ಲಿ ದೇಶದ ಮಾಧ್ಯಮ ಹಾಗೂ ಮನರಂಜನಾ ಉದ್ಯಮದ ವರಮಾನದಲ್ಲಿ ಡಿಜಿಟಲ್ ವಿಭಾಗವು ದೂರದರ್ಶನ ವಾಹಿನಿಗಳ ವಿಭಾಗವನ್ನು ಮೊದಲ ಬಾರಿಗೆ ಹಿಂದಿಕ್ಕಿತು. ದಿನಕ್ಕೆ ಕೆಲವು ನೂರು ರೂಪಾಯಿ ಖರ್ಚು ಮಾಡಬಲ್ಲ ಯಾವ ಅಂಗಡಿಕಾರನೂ ಇಂದು ವಿಡಿಯೊ ಜಾಹೀರಾತು ನೀಡಬಹುದು. ಆದರೆ ಖರ್ಚು ಚಿಕ್ಕದಾದಷ್ಟೂ ಅದರ ಲೆಕ್ಕ ಸಡಿಲವಾಗುತ್ತದೆ ಎಂಬುದು ವ್ಯಾಪಾರದಲ್ಲಿ ಎಲ್ಲರಿಗೂ ಗೊತ್ತಿರುವ ಸಂಗತಿ. ಆದಕಾರಣ ಈ ಹೊಸ ಖರ್ಚಿನ ಸ್ವರೂಪವನ್ನು ಸ್ವಲ್ಪ ವಿವರವಾಗಿ ಪರಿಶೀಲಿಸುವುದು ಅವಶ್ಯ.

ಮಾರಾಟವಾಗುವುದು ಜಾಗವಲ್ಲ, ಗಮನ

ಪತ್ರಿಕೆಯಲ್ಲಿ ವರ್ತಕನು ಕೊಳ್ಳುವುದು ಜಾಗ. ಚದರ ಸೆಂಟಿಮೀಟರಿಗೆ ಇಷ್ಟೆಂದು ದರ ನಿಗದಿಯಾಗಿರುತ್ತದೆ. ಮುದ್ರಿತ ಪ್ರತಿಯೇ ಸಾಕ್ಷಿ. ಅಂತರ್ಜಾಲದಲ್ಲಿ ನಡೆಯುವುದು ಹರಾಜು. ನೋಡುಗನೊಬ್ಬನು ವಿಡಿಯೊ ತೆರೆದ ಕ್ಷಣದಲ್ಲೇ ಅವನ ಮುಂದೆ ಯಾರ ಜಾಹೀರಾತು ಬರಬೇಕೆಂಬುದನ್ನು ಯಂತ್ರವು ನಿರ್ಧರಿಸುತ್ತದೆ. ಅಡತಿ ಅಂಗಡಿಯ ಮುಂದೆ ತೊಗರಿಯ ರಾಶಿಗೆ ಸವಾಲು ಕೂಗುವುದನ್ನು ಕಂಡವರಿಗೆ ಇದು ಅಪರಿಚಿತವೇನಲ್ಲ. ವ್ಯತ್ಯಾಸವಿಷ್ಟೆ: ಅಲ್ಲಿ ಮಾಲು ಕಣ್ಣೆದುರಿಗಿರುತ್ತದೆ ಮತ್ತು ತೂಕ ಎಲ್ಲರಿಗೂ ಒಂದೇ. ಇಲ್ಲಿ ಮಾಲೂ ಕಾಣುವುದಿಲ್ಲ, ತೂಕದ ಕಲ್ಲು ಕೂಡ ಮಾರುವವನದೇ.

ಈ ತೂಕದ ಕಲ್ಲೆಂದರೆ 'ವೀಕ್ಷಣೆ'. ಯೂಟ್ಯೂಬಿನಲ್ಲಿ ನೋಡುಗನು ದಾಟಿ ಹೋಗಬಹುದಾದ ಜಾಹೀರಾತನ್ನು ವೀಕ್ಷಣೆಯ ದರದಲ್ಲಿ ಕೊಂಡಾಗ, ಅವನು 30 ಸೆಕೆಂಡು ನೋಡಿದರೆ, ಜಾಹೀರಾತು ಅದಕ್ಕಿಂತ ಚಿಕ್ಕದಿದ್ದಲ್ಲಿ ಪೂರ್ಣ ನೋಡಿದರೆ ಅಥವಾ ಅದರ ಮೇಲೆ ಒತ್ತಿದರೆ ಶುಲ್ಕ ಬೀಳುತ್ತದೆ. ಫೇಸ್‌ಬುಕ್ ಮತ್ತು ಇನ್‌ಸ್ಟಾಗ್ರಾಮ್‌ಗಳ ವರದಿಯಲ್ಲಿ 3 ಸೆಕೆಂಡು ಓಡಿದ್ದಕ್ಕೊಂದು ಎಣಿಕೆ, 15 ಸೆಕೆಂಡಿಗೆ ಮತ್ತೊಂದು ಎಣಿಕೆ. ಯೂಟ್ಯೂಬಿನ ಕಿರು ವಿಡಿಯೊಗಳಾದ 'ಶಾರ್ಟ್ಸ್'ನಲ್ಲಿ 2025ರ ಮಾರ್ಚ್ 31ರಿಂದ ವಿಡಿಯೊ ಆರಂಭವಾದರೆ ಸಾಕು, ಒಂದು ವೀಕ್ಷಣೆಯೆಂದು ದಾಖಲಾಗುತ್ತದೆ. ಅದೇ ವಿಡಿಯೊ ಮರಳಿ ಓಡಿದರೆ ಇನ್ನೊಂದು. ಹೀಗಿರುವಾಗ 'ಒಂದು ಲಕ್ಷ ಮಂದಿ ನೋಡಿದರು' ಎಂಬ ಮಾತಿಗೆ ಯಾವ ವೇದಿಕೆ, ಎಷ್ಟು ಸೆಕೆಂಡು ಎಂಬುದು ತಿಳಿಯದ ಹೊರತು ಅರ್ಥವಿಲ್ಲ. ಅಳೆಯುವವರೇ ತಪ್ಪಿದ ನಿದರ್ಶನವೂ ಇದೆ. ವಿಡಿಯೊ ವೀಕ್ಷಣೆಯ ಸರಾಸರಿ ಅವಧಿಯನ್ನು ವರ್ಷಗಟ್ಟಲೆ ಹೆಚ್ಚಾಗಿ ತೋರಿಸಿದ್ದಾಗಿ ಫೇಸ್‌ಬುಕ್ 2016ರಲ್ಲಿ ಒಪ್ಪಿಕೊಂಡಿತು. ಅಮೆರಿಕದ ಜಾಹೀರಾತುದಾರರು ಹೂಡಿದ ದಾವೆಯು 2019ರಲ್ಲಿ 4 ಕೋಟಿ ಡಾಲರಿಗೆ ರಾಜಿಯಾಯಿತು.

ಆದುದರಿಂದ ಲೆಕ್ಕವು ವೀಕ್ಷಣೆಯಿಂದ ಆರಂಭವಾದರೂ ಗಲ್ಲಾ ಪೆಟ್ಟಿಗೆಯಲ್ಲಿ ಮುಗಿಯಬೇಕು. ಊಹಿಸಿದ ಒಂದು ಉದಾಹರಣೆಯನ್ನು ನೋಡಬಹುದು. ಆಳಂದದ ಬೇಳೆ ಗಿರಣಿಯೊಂದು ತನ್ನ ಪೊಟ್ಟಣದ ತೊಗರಿ ಬೇಳೆಗಾಗಿ ಒಂದು ತಿಂಗಳು ವಿಡಿಯೊ ಜಾಹೀರಾತು ನೀಡಿ 12,000 ರೂ. ಹಾಗೂ ಅದರ ಮೇಲೆ ಶೇ. 18ರಂತೆ 2,160 ರೂ. ಜಿಎಸ್‌ಟಿ ಪಾವತಿಸಿತೆಂದು ಭಾವಿಸೋಣ. ಪರದೆಯ ಮೇಲೆ 60,000 ವೀಕ್ಷಣೆ ಕಾಣುತ್ತದೆ. ವೀಕ್ಷಣೆಯೊಂದಕ್ಕೆ 20 ಪೈಸೆ. ಕರಪತ್ರಕ್ಕಿಂತ ಅಗ್ಗವೆಂದು ಮಾಲೀಕರು ಹಿಗ್ಗುವರು. ಆದರೆ ಕರೆ ಮಾಡಿದವರು 180, ಮಾಲು ಕೊಂಡ ಹೊಸ ಕಿರಾಣಿ ಅಂಗಡಿಗಳು 24. ಆಗ ಹೊಸ ಗಿರಾಕಿಯೊಬ್ಬರಿಗೆ ಬಿದ್ದ ಖರ್ಚು 500 ರೂ. ಪ್ರತಿ ಅಂಗಡಿ 50 ಕಿಲೊ ಕೊಂಡು, ಕಿಲೊಗೆ 8 ರೂ. ಉಳಿದರೆ ಮೊದಲ ಸುತ್ತಿನ ಒಟ್ಟು ಲಾಭ 9,600 ರೂ.; 2,400 ರೂ. ಕೊರತೆ. ಇವರಲ್ಲಿ ಅರ್ಧದಷ್ಟು ಅಂಗಡಿಗಳು ಮರು ತಿಂಗಳೂ ಅಷ್ಟೇ ಮಾಲು ಕೊಂಡಲ್ಲಿ 4,800 ರೂ. ಬಂದು ಜಾಹೀರಾತು ತನ್ನ ಖರ್ಚನ್ನು ತಾನೇ ತೀರಿಸುತ್ತದೆ. ಮರಳಿ ಬಾರದಿದ್ದರೆ 60,000 ವೀಕ್ಷಣೆಯೂ ವ್ಯರ್ಥವೇ. ಹೊಸ ಗಿರಾಕಿಯ ಬಿಲ್ಲಿನ ಮೂಲೆಯಲ್ಲಿ 'ವಿಡಿಯೊ' ಎಂದು ಒಂದು ಗುರುತು ಹಾಕಿಡುವುದಕ್ಕೆ ಯಾವ ತಂತ್ರಾಂಶವೂ ಬೇಕಿಲ್ಲ. ಈ ಒಂದು ಗುರುತಿಲ್ಲದೆ ಮೇಲಿನ ಲೆಕ್ಕ ಹಾಕಲು ಸಾಧ್ಯವೇ ಇಲ್ಲ.

ಬಿಲ್ಲು ಯಾರ ಹೆಸರಿನಲ್ಲಿ?

ಮೇಲಿನ 2,160 ರೂಪಾಯಿ ಹೂಡುವಳಿ ತೆರಿಗೆಯಾಗಿ ಮರಳಿ ದೊರೆಯುವುದೇ ಎಂಬುದು ಮುಂದಿನ ಪ್ರಶ್ನೆ. ಮುದ್ರಣ ಮಾಧ್ಯಮದ ಜಾಗಕ್ಕೆ ಶೇ. 5 ಜಿಎಸ್‌ಟಿ ಇದ್ದರೆ ಅಂತರ್ಜಾಲದ ಜಾಹೀರಾತಿಗೆ ಶೇ. 18 ಇದೆ. ಆದ್ದರಿಂದ ಇಲ್ಲಿ ಅಜಾಗರೂಕತೆಯ ಬೆಲೆ ಹೆಚ್ಚು. ಬಹುತೇಕ ಸಣ್ಣ ಸಂಸ್ಥೆಗಳಲ್ಲಿ ಜಾಹೀರಾತಿನ ಖಾತೆಯನ್ನು ತೆರೆಯುವವರು ಮಾಲೀಕರ ಮಗನೋ ಅಳಿಯನೋ ಆಗಿರುತ್ತಾರೆ. ಹಣ ಹೋಗುವುದು ಅವರ ಸ್ವಂತ ಕಾರ್ಡಿನಿಂದ. ಖಾತೆಯಲ್ಲಿ ಸಂಸ್ಥೆಯ ಹೆಸರು ಮತ್ತು ಜಿಎಸ್‌ಟಿ ಸಂಖ್ಯೆಯನ್ನು ನಮೂದಿಸದಿದ್ದಲ್ಲಿ ಆ ಬಿಲ್ಲು ಸಂಸ್ಥೆಯ ಜಿಎಸ್‌ಟಿಆರ್-2ಬಿ ಪಟ್ಟಿಯಲ್ಲಿ ಬರುವುದಿಲ್ಲ. ಬಾರದ ತೆರಿಗೆಯನ್ನು ಹಿಂಪಡೆಯುವಂತಿಲ್ಲ.

ಬೇಳೆ ಗಿರಣಿಯವರು ಇನ್ನೊಂದು ಸೂಕ್ಷ್ಮವನ್ನೂ ಗಮನಿಸಬೇಕು. 2022ರ ಜುಲೈ 18ರ ನಂತರ 25 ಕಿಲೊವರೆಗಿನ, ಲೇಬಲ್ ಹಚ್ಚಿದ ಪೊಟ್ಟಣದ ಬೇಳೆಗೆ ಶೇ. 5 ತೆರಿಗೆಯಿದೆ, ಸಡಿಲ ಬೇಳೆಗೆ ವಿನಾಯಿತಿಯಿದೆ. ವಿನಾಯಿತಿಯ ಮಾಲನ್ನಷ್ಟೇ ಮಾರುವವರಿಗೆ ಜಾಹೀರಾತಿನ ಮೇಲಿನ ತೆರಿಗೆ ಮರಳಿ ಸಿಗದು. ಎರಡನ್ನೂ ಮಾರುವವರು ವಹಿವಾಟಿನ ಪ್ರಮಾಣಕ್ಕೆ ಅನುಗುಣವಾಗಿ ಮಾತ್ರ ಪಡೆಯಬಹುದು. ಕಾಂಪೊಸಿಷನ್ ಯೋಜನೆಯಲ್ಲಿರುವವರಿಗಂತೂ ಏನೂ ಇಲ್ಲ. ಇಂಥವರ ಪಾಲಿಗೆ ಮೇಲಿನ ಉದಾಹರಣೆಯ ಖರ್ಚು 14,160 ರೂ., ಅಂದರೆ ಹೊಸ ಗಿರಾಕಿಯೊಬ್ಬರಿಗೆ 590 ರೂ. ಆಗುತ್ತದೆ.

ವಿದೇಶಿ ಕಂಪನಿಗಳಿಗೆ ನೀಡುವ ಜಾಹೀರಾತು ಹಣದ ಮೇಲೆ 2016ರ ಜೂನ್ 1ರಿಂದ ಇದ್ದ ಶೇ. 6ರ ಸಮೀಕರಣ ತೆರಿಗೆಯು 2025ರ ಏಪ್ರಿಲ್ 1ರಿಂದ ರದ್ದಾಗಿದೆ. ಆದರೆ ಬಿಲ್ಲು ವಿದೇಶಿ ಕಂಪನಿಯಿಂದ ಬಂದಿದ್ದರೆ ನೋಂದಾಯಿತ ವರ್ತಕರು ಹಿಮ್ಮುಖ ಪಾವತಿ ಕ್ರಮದಲ್ಲಿ ಜಿಎಸ್‌ಟಿ ಕಟ್ಟಬೇಕೆಂಬುದು ಬದಲಾಗಿಲ್ಲ.

ಗಡಿ ದಾಟುವ ಜಾಹೀರಾತು

ಜಾಹೀರಾತು ಕಾಣಬೇಕಾದ ಪ್ರದೇಶವನ್ನು ಊರಿನ ಸುತ್ತ ಇಷ್ಟು ಕಿಲೊಮೀಟರ್ ಎಂದು ಗೆರೆ ಎಳೆದು ಗೊತ್ತುಪಡಿಸಬಹುದೆಂಬುದು ಈ ಮಾಧ್ಯಮದ ದೊಡ್ಡ ಅನುಕೂಲ. ಆದರೆ ಯಂತ್ರಕ್ಕೆ ರಾಜ್ಯದ ಗಡಿ ತಿಳಿಯದು. ಆಳಂದದ ಸುತ್ತ 50 ಕಿ.ಮೀ. ವೃತ್ತ ಹಾಕಿದರೆ ಮಹಾರಾಷ್ಟ್ರದ ಹಳ್ಳಿಗಳೂ ಒಳಗೆ ಬರುತ್ತವೆ. ಅಫಜಲಪುರದ ವೃತ್ತ ಅಕ್ಕಲಕೋಟದ ಕಡೆಗೆ ಚಾಚುತ್ತದೆ. ಜೇವರ್ಗಿಯ ವೃತ್ತವು ಕಲಬುರಗಿ ನಗರವನ್ನೇ ನುಂಗಿ, ಅಲ್ಲಿನ ದೊಡ್ಡ ಮಳಿಗೆಗಳೊಡನೆ ಹರಾಜಿನಲ್ಲಿ ಪೈಪೋಟಿಗೆ ನಿಲ್ಲಿಸುತ್ತದೆ. ಜೇವರ್ಗಿಯ ವರ್ತಕರು ವೃತ್ತಕ್ಕೆ ಬದಲಾಗಿ ಬೇಕಾದ ಊರುಗಳನ್ನು ಒಂದೊಂದಾಗಿ ಆರಿಸುವುದು ಲೇಸು.

ಗಡಿಯಾಚೆಯ ಗಿರಾಕಿ ಲಾಭವೇ ಸರಿ. ಗಾಣಗಾಪುರದ ದತ್ತ ಕ್ಷೇತ್ರಕ್ಕೆ ಮಹಾರಾಷ್ಟ್ರದಿಂದ ಬರುವ ಭಕ್ತರನ್ನು ನೆಚ್ಚಿದ ಅಂಗಡಿ, ವಸತಿಗೃಹಗಳಿಗೆ ಮರಾಠಿಯ ವಿಡಿಯೊ ಕನ್ನಡದ್ದಕ್ಕಿಂತ ಹೆಚ್ಚು ಫಲ ಕೊಟ್ಟೀತು. ಅಲ್ಲಿನವರು ಅಂಗಡಿಗೇ ಬಂದು ಮಾಲು ಕೊಂಡೊಯ್ದರೆ ತೊಡಕಿಲ್ಲ. ತೊಡಕು ಆರಂಭವಾಗುವುದು ಪಾರ್ಸೆಲ್ ಕಟ್ಟಿದಾಗ. ತೆರಿಗೆಯುಳ್ಳ ಸರಕನ್ನು ಹೊರರಾಜ್ಯಕ್ಕೆ ಕಳುಹಿಸುವವರಿಗೆ, ವಹಿವಾಟು 40 ಲಕ್ಷ ರೂಪಾಯಿಯ ಮಿತಿಯೊಳಗಿದ್ದರೂ, ಜಿಎಸ್‌ಟಿ ನೋಂದಣಿ ಕಡ್ಡಾಯ. ಕಾಂಪೊಸಿಷನ್ ವರ್ತಕರಿಗೆ ಅಂತರರಾಜ್ಯ ಮಾರಾಟವೇ ನಿಷಿದ್ಧ. ಮನೆಯಲ್ಲಿ ಶೇಂಗಾ ಚಟ್ನಿ ಪುಡಿ ಕುಟ್ಟಿ ಮಾರುವ ಮಹಿಳೆಯ ವಿಡಿಯೊ ಜನಪ್ರಿಯವಾಗಿ, ಸೊಲ್ಲಾಪುರದಿಂದಲೋ ಪುಣೆಯಿಂದಲೋ ಬೇಡಿಕೆ ಬಂದು ಆಕೆ ಪೊಟ್ಟಣ ಕಳುಹಿಸಿದ ದಿನವೇ ಕಾನೂನಿನ ಹೊಣೆ ಹೆಗಲೇರುತ್ತದೆ. ಕಾನೂನು ಇಲ್ಲಿ ಸಣ್ಣವರ ಮೇಲೆ ಅನಗತ್ಯವಾಗಿ ಕಠಿಣವಾಗಿದೆ. ಸೇವೆಗಳಿಗೆ ನೀಡಿದ ರಿಯಾಯಿತಿಯನ್ನು ಸರಕಿಗೂ ವಿಸ್ತರಿಸುವಂತೆ ವಾಣಿಜ್ಯ ಸಂಸ್ಥೆಗಳು ಒತ್ತಾಯಿಸುವುದು ನ್ಯಾಯ. ಅಲ್ಲಿಯವರೆಗೆ ನಿಯಮ ನಿಯಮವೇ. ಯುಪಿಐ ಜಮೆಗಳನ್ನು ಆಧರಿಸಿ 2025ರಲ್ಲಿ ರಾಜ್ಯದ ಸಣ್ಣ ವ್ಯಾಪಾರಿಗಳಿಗೆ ವಾಣಿಜ್ಯ ತೆರಿಗೆ ಇಲಾಖೆಯ ನೋಟಿಸುಗಳು ಬಂದುದನ್ನು ಯಾರೂ ಮರೆತಿರಲಾರರು.

ವಿಡಿಯೊ ಮಾಡುವವರೊಡನೆ ವ್ಯವಹಾರ

ಈಚಿನ ವರ್ಷಗಳಲ್ಲಿ ತಾಲ್ಲೂಕು ಮಟ್ಟದಲ್ಲೂ ಜನಪ್ರಿಯ ವಿಡಿಯೊಗಾರರು ಮೂಡಿದ್ದಾರೆ. ಇವರಿಗೆ ಅಂಗಡಿಯ ಪರಿಚಯ ಮಾಡಿಸಲು ಹಣವನ್ನೋ ವಸ್ತುವನ್ನೋ ಕೊಡುವುದು ವಾಡಿಕೆಯಾಗಿದೆ. ಒಂದೇ ದಿನ ಒಬ್ಬರಿಗೆ 10,000 ರೂಪಾಯಿಗಿಂತ ಹೆಚ್ಚು ನಗದು ಕೊಟ್ಟರೆ ಆದಾಯ ತೆರಿಗೆಯಲ್ಲಿ ಆ ಖರ್ಚನ್ನು ಒಪ್ಪುವುದಿಲ್ಲ. ಹಿಂದಿನ ವರ್ಷದ ವಹಿವಾಟು 1 ಕೋಟಿ ಮೀರಿದ ವ್ಯಕ್ತಿಗತ ವ್ಯಾಪಾರಿಗಳು ಹಾಗೂ ಎಲ್ಲ ಪಾಲುದಾರಿಕೆ ಸಂಸ್ಥೆಗಳು ಜಾಹೀರಾತು ಗುತ್ತಿಗೆಯ ಒಂದು ಪಾವತಿ 30,000 ರೂ. ಅಥವಾ ವರ್ಷದ ಮೊತ್ತ 1 ಲಕ್ಷ ರೂ. ದಾಟಿದರೆ ಟಿಡಿಎಸ್ ಕಡಿತ ಮಾಡಬೇಕು. ವಸ್ತುವಿನ ರೂಪದ ಕೊಡುಗೆಗೂ 2022ರ ಜುಲೈ 1ರಿಂದ ಇದೇ ಬಗೆಯ ಹೊಣೆ ಬಂದಿದೆ: ವರ್ಷಕ್ಕೆ 20,000 ರೂ. ಮೀರಿದ ಲಾಭಕ್ಕೆ ಶೇ. 10. ಚಿತ್ರೀಕರಣಕ್ಕೆ ಕೊಟ್ಟ ಮೊಬೈಲನ್ನು ವಿಡಿಯೊಗಾರ ಹಿಂತಿರುಗಿಸಿದರೆ ಅದು ಲಾಭವಲ್ಲ, ತಾನೇ ಇಟ್ಟುಕೊಂಡರೆ ಲಾಭ ಎಂದು ನೇರ ತೆರಿಗೆ ಮಂಡಳಿಯ 2022ರ ಸುತ್ತೋಲೆ ಸ್ಪಷ್ಟಪಡಿಸಿದೆ. 2025ರ ಹೊಸ ಆದಾಯ ತೆರಿಗೆ ಕಾಯಿದೆಯು 2026ರ ಏಪ್ರಿಲ್ 1ರಿಂದ ಅನ್ವಯವಾಗುವುದರಿಂದ ಹಳೆಯ 194ಸಿ, 194ಆರ್ ಎಂಬ ಸಂಖ್ಯೆಗಳನ್ನು ಹುಡುಕುತ್ತ ಕೂರಬೇಕಿಲ್ಲ. ಕಡಿತದ ತತ್ವ ಮಾತ್ರ ಅದೇ.

ಹಣಕ್ಕಿಂತ ಮಾತಿನ ಅಪಾಯ ದೊಡ್ಡದು. ದಾರಿಹೋಕನಂತೆ ಬಂದು ಮಾಲನ್ನು ಹೊಗಳುವ ವಿಡಿಯೊಗಾರ ದುಡ್ಡು ಪಡೆದದ್ದನ್ನು ಹೇಳಲೇಬೇಕು. ದಾರಿ ತಪ್ಪಿಸುವ ಜಾಹೀರಾತು ಕುರಿತ 2022ರ ಜೂನ್ ಮಾರ್ಗಸೂಚಿ ಮತ್ತು ಗ್ರಾಹಕ ರಕ್ಷಣಾ ಕಾಯಿದೆ, 2019ರ ಅನ್ವಯ ತಯಾರಕ ಹಾಗೂ ಹೊಗಳಿದವ ಇಬ್ಬರಿಗೂ 10 ಲಕ್ಷ ರೂ. ವರೆಗೆ, ತಪ್ಪು ಮರುಕಳಿಸಿದರೆ 50 ಲಕ್ಷದವರೆಗೆ ದಂಡ ವಿಧಿಸಲು ಅವಕಾಶವಿದೆ. 'ಸಕ್ಕರೆ ಕಾಯಿಲೆ ಗುಣವಾಗುತ್ತದೆ' ಎಂದು ಜೋಳದ ಹಿಟ್ಟಿನ ವಿಡಿಯೊದಲ್ಲಿ ಹೇಳಿಸುವವರು ಇದನ್ನು ಲಕ್ಷ್ಯದಲ್ಲಿಡಬೇಕು. 'ಗುಲಬರ್ಗಾ ತೊಗರಿ ಬೇಳೆ' ಎಂಬ ಹೆಸರಿಗೆ 2019ರಲ್ಲಿ ಭೌಗೋಳಿಕ ಸೂಚಿಕೆಯ ಮಾನ್ಯತೆ ದೊರೆತಿದೆ. ಅಧಿಕೃತ ಬಳಕೆದಾರರಾಗಿ ನೋಂದಾಯಿಸಿಕೊಂಡವರಿಗಷ್ಟೇ ಆ ಮುದ್ರೆಯನ್ನು ಬಳಸುವ ಹಕ್ಕು. ಹೊರಗಿನ ತೊಗರಿಯನ್ನು ಒಡೆದು ಆ ಹೆಸರಿನ ವಿಡಿಯೊ ಮಾಡುವುದು ಈ ಮಣ್ಣಿನ ರೈತರಿಗೂ ನಷ್ಟ, ತಮಗೂ ದಾವೆಗೆ ಆಹ್ವಾನ.

ಪುಟದ ಒಡೆತನ

2020ರ ಜೂನ್ 29ರಂದು ಕೇಂದ್ರ ಸರ್ಕಾರವು ಟಿಕ್‌ಟಾಕ್ ಸೇರಿ 59 ಚೀನೀ ಆ್ಯಪ್‌ಗಳನ್ನು ನಿಷೇಧಿಸಿತು. ಆ ವೇದಿಕೆಯ ಮೇಲೆ ಮಾತ್ರ ಹೆಸರು ಗಳಿಸಿದ್ದವರ ನೋಡುಗ ಬಳಗ ಒಂದೇ ಏಟಿಗೆ ಇಲ್ಲವಾಯಿತು. ಮರು ತಿಂಗಳೇ ಇನ್‌ಸ್ಟಾಗ್ರಾಮ್‌ನ ರೀಲ್ಸ್, ಸೆಪ್ಟೆಂಬರಿನಲ್ಲಿ ಯೂಟ್ಯೂಬ್ ಶಾರ್ಟ್ಸ್ ಭಾರತಕ್ಕೆ ಬಂದವು. ಆದರೆ ಹಳೆಯ ಬಳಗವನ್ನು ಹೊಸ ಮನೆಗೆ ಕರೆದೊಯ್ಯುವ ಮಾರ್ಗವಿರಲಿಲ್ಲ. ಬಾಡಿಗೆಯ ಮಳಿಗೆಗೆ ಕರಾರುಪತ್ರವಿರುತ್ತದೆ, ಖಾಲಿ ಮಾಡಲು ಮುನ್ಸೂಚನೆಯಿರುತ್ತದೆ. ಇಲ್ಲಿ ಎರಡೂ ಇಲ್ಲ. ಆದ್ದರಿಂದ ವಿಡಿಯೊ ನೋಡಿ ಕರೆ ಮಾಡಿದ ಗಿರಾಕಿಯ ಹೆಸರು, ಊರು, ದೂರವಾಣಿ ಸಂಖ್ಯೆಗಳನ್ನು ಅವರ ಒಪ್ಪಿಗೆ ಪಡೆದು ಸಂಸ್ಥೆಯ ಸ್ವಂತ ವಹಿಯಲ್ಲಿ ಬರೆದಿಡಬೇಕು.

ಪುಟ ಅಥವಾ ಚಾನೆಲ್ ಯಾರ ಇಮೇಲ್ ಹಾಗೂ ಮೊಬೈಲ್ ಸಂಖ್ಯೆಯಲ್ಲಿ ತೆರೆಯಲ್ಪಟ್ಟಿದೆ ಎಂಬುದನ್ನೂ ಈಗಲೇ ನೋಡಿಕೊಳ್ಳಬೇಕು. ಜಾಹೀರಾತಿನ ಕೆಲಸ ವಹಿಸಿಕೊಂಡ ಏಜೆನ್ಸಿ ತನ್ನದೇ ಹೆಸರಿನಲ್ಲಿ ಖಾತೆ ತೆರೆದಿದ್ದರೆ, ವ್ಯವಹಾರ ಕೆಟ್ಟ ದಿನ ಅಂಗಡಿಯ ಹೆಸರೂ ನೋಡುಗರೂ ಏಜೆನ್ಸಿಯ ಬಳಿಯೇ ಉಳಿಯುತ್ತಾರೆ. ಪಾಲುದಾರಿಕೆ ಸಂಸ್ಥೆಗಳಲ್ಲಿ ಈ ತೊಡಕು ಇನ್ನೂ ಹೆಚ್ಚು: ಪಾಲುದಾರರೊಬ್ಬರು ನಿವೃತ್ತರಾದಾಗ ಗೋದಾಮು, ತೂಕದ ಯಂತ್ರ, ಬಾಕಿ ವಸೂಲಿ ಎಲ್ಲವೂ ಹಂಚಿಕೆಯ ಪಟ್ಟಿಯಲ್ಲಿ ಸೇರುತ್ತವೆ, ಸಾವಿರಾರು ಮಂದಿ ನೋಡುವ ಚಾನೆಲ್ ಮಾತ್ರ ಬಿಟ್ಟುಹೋಗುತ್ತದೆ. ಪಾಲುದಾರಿಕೆ ಪತ್ರದಲ್ಲಿ ಈ ಕುರಿತು ಎರಡು ಸಾಲು ಸೇರಿಸಲು ತಗಲುವುದು ಛಾಪಾ ಕಾಗದದ ಖರ್ಚು ಮಾತ್ರ.